ಮೊದಲು ಬಾಯಿ ಬಿಟ್ಟವರಿಗೆ ಮಾಫಿ

ಮೆಖೆಲೆನ್ ನಿಲ್ದಾಣದಲ್ಲಿ ಲೀವೆ ರೈಲು ಹತ್ತುವುದನ್ನು ಕಂಡು ವಾನ್ನೆಸ್‌ನ ಎದೆ ಧಸಕ್ಕೆಂದಿತು. ಇಪ್ಪತ್ತು ವರ್ಷದ ಗೆಳತಿ, ಅವನ ಮಗಳು ಮಾರ್ತೆಗೆ ಚರ್ಚಿನಲ್ಲಿ ಹೆಸರಿಟ್ಟಾಗ ಜ್ಞಾನತಾಯಿಯಾಗಿ ನಿಂತವಳು. ಬೇರೆ ದಿನವಾಗಿದ್ದರೆ ಡಬ್ಬಿಯ ಆ ತುದಿಯಿಂದಲೇ ಕೂಗಿ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. ಇವತ್ತು ಮಾತ್ರ ಯಾರೋ ಸೀಟಿನ ಮೇಲೆ ಬಿಟ್ಟುಹೋಗಿದ್ದ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತ.

ಲೀವೆ ನೇರವಾಗಿ ಬಂದು ಎದುರು ಕುಳಿತಳು.

"ಏನೋ ಇದು, ನಿನ್ನೆ ಪೇಪರನ್ನ ಇಷ್ಟು ಭಕ್ತಿಯಿಂದ ಓದ್ತಾ ಇದೀಯ?"

"ಅಯ್ಯೋ ಲೀವೆ! ನೋಡ್ಲೇ ಇಲ್ಲ ಕಣೇ."

"ನೋಡ್ದೆ ಏನು? ನೋಡಿಯೇ ಮುಖ ಮುಚ್ಕೊಂಡೆ. ಎಲ್ಲಿಗೆ ಸವಾರಿ?"

"ಬ್ರಸೆಲ್ಸ್‌ಗೆ. ಹಲ್ಲಿನ ಡಾಕ್ಟ್ರು."

"ನಿಮ್ಮೂರು ಆಂಟ್‌ವರ್ಪ್‌ನಲ್ಲಿ ಇರೋ ಹಲ್ಲಿನ ಡಾಕ್ಟ್ರೆಲ್ಲ ಸತ್ತುಹೋದ್ರಾ?"

ಅವನು ನಕ್ಕ. "ನೀನು?"

"ಬ್ರಸೆಲ್ಸ್‌ಗೇ, ತಂಗಿ ಮನೆಗೆ."

ಅವಳ ತಂಗಿ ಎರಡು ವರ್ಷದ ಹಿಂದೆಯೇ ಬ್ರಸೆಲ್ಸ್ ಬಿಟ್ಟು ಓಸ್ಟೆಂಡ್‌ಗೆ, ಸಮುದ್ರದ ದಂಡೆಗೆ ಹೋಗಿ ನೆಲೆಸಿದ್ದಳು. ಮನೆ ಸಾಮಾನು ಹೊರಲು ವಾನ್ನೆಸ್‌ನೇ ಹೆಗಲು ಕೊಟ್ಟಿದ್ದ. ಲೀವೆಗೂ ಅದು ನೆನಪಾಗಿರಬೇಕು, ಕಿವಿ ಕೆಂಪಗಾಯಿತು. ಚೀಲದಿಂದ ಒಣದ್ರಾಕ್ಷಿಯ ಬನ್ನು ತೆಗೆದು ಅರ್ಧ ಮುರಿದು ಕೊಟ್ಟಳು. ಇಬ್ಬರೂ ತಲೆ ತಗ್ಗಿಸಿ ಅಗಿದರು.

ಇವರಿಬ್ಬರೂ ಹೀಗಾಗಲು ಕಾರಣ ಒಂದು ಊಟ. ಬೆಲ್ಜಿಯಂ ದೇಶದ ಫ್ಲಾಂಡರ್ಸ್‌ನ ನಾಲ್ಕು ಸಣ್ಣ ಪ್ರಕಾಶಕರು ಪ್ರತಿವರ್ಷ ಶರತ್ಕಾಲದಲ್ಲಿ ಒಟ್ಟಿಗೆ ಕೂತು ಮಸ್ಸೆಲ್ ಎಂಬ ಕಡಲ ಚಿಪ್ಪಿನ ಮಾಂಸ ತಿನ್ನುತ್ತಿದ್ದರು: ವಾನ್ನೆಸ್, ಲೀವೆ, ಲೂವೆನ್‌ನವನೊಬ್ಬ, ಮತ್ತು ಎಲ್ಲರಿಗಿಂತ ಹಿರಿಯನಾದ ಗೆಂಟ್‌ನ ಓಕ್ಟಾಫ್. ಹೋದ ಸಲ ಮಾತು ಇ-ಪುಸ್ತಕದ ಬೆಲೆಗೆ ತಿರುಗಿತು. ದೊಡ್ಡ ಆನ್‌ಲೈನ್ ಅಂಗಡಿ ಇವರ ಹೊಸ ಕಾದಂಬರಿಗಳನ್ನು ಒಂದು ಲೋಟ ಬಿಯರಿನ ಬೆಲೆಗೆ ಮಾರುತ್ತಿತ್ತು. "ಮಾರ್ಚ್ ಒಂದರಿಂದ ನಾಲ್ಕೂ ಜನ ಒಂದೇ ಬೆಲೆ ಹಿಡಿಯೋಣ. ಅವ್ನು ಒಪ್ಪದಿದ್ರೆ ನಾಲ್ವರೂ ಒಟ್ಟಿಗೇ ಪುಸ್ತಕ ವಾಪಸ್ ತಗೊಳ್ಳೋಣ" ಎಂದ ಓಕ್ಟಾಫ್. ಎಲ್ಲರೂ ತಲೆಯಾಡಿಸಿದರು, ಮಾರ್ಚ್ ಬಂದಾಗ ಹಾಗೇ ಮಾಡಿದರು.

ಇದರಲ್ಲಿ ತಪ್ಪೇನೆಂದು ಒಬ್ಬರಿಗೂ ಹೊಳೆಯಲಿಲ್ಲ. ಪಾಪ, ಹೊಳೆಯುವುದಾದರೂ ಹೇಗೆ? ಈ ನಾಡಿನಲ್ಲಿ ಕಾಗದದ ಹೊಸ ಪುಸ್ತಕಕ್ಕೆ ಆರು ತಿಂಗಳು ಯಾವ ಅಂಗಡಿಯೂ ಮನಸ್ಸಿಗೆ ಬಂದಷ್ಟು ಬೆಲೆ ಇಳಿಸುವಂತಿಲ್ಲ, ಕಾನೂನೇ ಕಾವಲು. ಬೆಲೆ ನಿಲ್ಲಿಸುವುದೆಂದರೆ ಪುಸ್ತಕ ಉಳಿಸುವುದು ಎಂದುಕೊಂಡೇ ಬೆಳೆದವರು ಇವರು. ಕಾಗದ ಮುಗಿದಲ್ಲಿಗೆ ಆ ಕಾವಲೂ ಮುಗಿಯುತ್ತದೆ, ಪರದೆಯ ಮೇಲಿನ ಪುಸ್ತಕಕ್ಕೆ ನಾಲ್ವರು ಕೂಡಿ ಬೆಲೆ ಕಟ್ಟಿದರೆ ಅದು ಅಪರಾಧ ಎಂದು ತಿಳಿದದ್ದು ಏಪ್ರಿಲ್‌ನಲ್ಲಿ, ವ್ಯಾಪಾರದ ಪೈಪೋಟಿಯನ್ನು ಕಾಯುವ ಸರ್ಕಾರಿ ಸ್ಪರ್ಧಾ ಕಚೇರಿಯಿಂದ ವಿಚಾರಣೆಯ ಪತ್ರ ಬಂದಾಗ. ನಾಲ್ಕು ಮನೆಗೂ ಒಂದೇ ದಿನ ಬಂತು.

ವಾನ್ನೆಸ್ ವಕೀಲೆಯ ಬಳಿ ಓಡಿದ. ಆಕೆ ಸುತ್ತಿ ಬಳಸಿ ಮಾತಾಡುವವಳಲ್ಲ. "ನಾಲ್ವರಲ್ಲಿ ಮೊದ್ಲು ಬ್ರಸೆಲ್ಸ್‌ನ ಆ ಕಚೇರಿಗೆ ಹೋಗಿ, ಒಪ್ಕೊಂಡು, ಉಳಿದವರ ಹೆಸರು ಕೊಟ್ಟವರಿಗೆ ಪೂರ್ತಿ ಮಾಫಿ. ಎರಡನೆಯವರಿಗೆ ಒಂಚೂರು ರಿಯಾಯಿತಿ. ಉಳಿದವರು ಮುಳುಗಿದ್ರು. ಒಂದು ನಿಮಿಷ ಹಿಂದೆ ಮುಂದೆ ಆದ್ರೂ ಅಷ್ಟೇ. ಏನನ್ನೂ ಬರೀಬೇಡಿ, ಬರೆದದ್ದು ಉಳೀತದೆ. ಹೋಗಿ ಬಾಯಲ್ಲಿ ಹೇಳಿ."

ಅವನದು ಹತ್ತೊಂಬತ್ತು ಜನ ದುಡಿಯುವ ಪ್ರಕಾಶನ. ದಂಡ ಬಿದ್ದರೆ ಬಾಗಿಲು ಮುಚ್ಚಬೇಕು. ಅವನ ಬಳಿ ಇರುವ ಆಸ್ತಿಯೆಂದರೆ ಮೂವತ್ತೊಂದು ಜನ ಲೇಖಕರ ಹಕ್ಕುಸ್ವಾಮ್ಯದ ಒಪ್ಪಂದಗಳು, ಅಷ್ಟೇ. ದಿವಾಳಿಯ ಹರಾಜಿನಲ್ಲಿ ಅವನ್ನು ಯಾರು ಬೇಕಾದರೂ ಕೊಳ್ಳಬಹುದು, ಆ ಆನ್‌ಲೈನ್ ಅಂಗಡಿಯೂ ಕೊಳ್ಳಬಹುದು. ಮೂರು ವಾರದಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಗೆಳೆಯರ ಹೆಸರು ಹೇಳಲು ಮನಸ್ಸಾಗದೆ ದಿನ ದೂಡುತ್ತಿದ್ದ. ಕೊನೆಗೆ ಇವತ್ತು, ಒಂಬತ್ತಕ್ಕೆ ಬಾಗಿಲು ತೆರೆಯುವಾಗಲೇ ಅಲ್ಲಿರಬೇಕೆಂದು ಹೊರಟಿದ್ದ.

ಈಗ ಎದುರಿಗೆ ಲೀವೆ. ಬಹುಮಾನ ಸಮಾರಂಭಗಳಿಗೆ ಮಾತ್ರ ಹಾಕುವ ಬೂದು ಕೋಟು ಹಾಕಿಕೊಂಡು ಯಾವ ತಂಗಿ ಮನೆಗೆ ಹೊರಟಿದ್ದಾಳೆ?

ವಿಲ್ವೋರ್ಡೆ ನಿಲ್ದಾಣ ದಾಟಿದ ಮೇಲೆ ರೈಲು ಬಯಲಲ್ಲಿ ನಿಂತುಬಿಟ್ಟಿತು. ಐದು ನಿಮಿಷ, ಹತ್ತು ನಿಮಿಷ. ಓಕ್ಟಾಫ್ ಹೊರಟಿದ್ದರೆ ಗೆಂಟ್‌ನಿಂದ ಬರುವವನು, ಅವನ ರೈಲು ಬೇರೆ ಹಳಿಯದು. ಅದೇನೂ ನಿಂತಿರಲಾರದು. ವಾನ್ನೆಸ್ ಗಡಿಯಾರ ನೋಡಿದ. ತಲೆಯೆತ್ತಿದರೆ ಲೀವೆಯೂ ಗಡಿಯಾರ ನೋಡುತ್ತಿದ್ದಳು.

"ಮಾರ್ತೆ ಬಿಳಿ ಬಟ್ಟೆ ಹೊಲಿಸಿ ಆಯ್ತಾ?" ಎಂದಳು. ಮುಂದಿನ ಭಾನುವಾರ ಚರ್ಚಿನಲ್ಲಿ ಮಗುವಿಗೆ ಮೊದಲ ಪರಮಪ್ರಸಾದ ಕೊಡುವ ಹಬ್ಬ.

"ಆಯ್ತು. ಶೂ ಒಂದು ಬಾಕಿ."

"ಶೂ ನಾನು ತರ್ತೀನಿ. ನೀನು ತಂದ್ರೆ ಫುಟ್‌ಬಾಲ್ ಆಡೋ ಶೂ ತರ್ತೀಯ."

ಅವನಿಗೆ ಅಳು ಬರುವಂತಾಯಿತು. ಹೇಳಿಬಿಡಲೇ ಎಂದುಕೊಂಡ. ಹೇಳಿದ ಮೇಲೆ ಅವಳೇ ಮೊದಲು ಓಡಿಬಿಟ್ಟರೆ?

ಬ್ರಸೆಲ್ಸ್‌ನ ಉತ್ತರ ನಿಲ್ದಾಣದಲ್ಲಿ ಇಳಿದಾಗ ಒಂಬತ್ತು ಹೊಡೆದಿತ್ತು. ಕೆನ್ನೆಗೆ ಮುತ್ತಿಟ್ಟು ಬೀಳ್ಕೊಂಡರು. ಅವಳು ಎಡಕ್ಕೆ, ಇವನು ಬಲಕ್ಕೆ. ಮೂಲೆ ತಿರುಗಿದ್ದೇ ತಡ, ಮರ್ಯಾದೆಸ್ಥ ಪ್ರಕಾಶಕ ವಾನ್ನೆಸ್ ಹಾದಿಹೋಕರು ನೋಡುವಂತೆ ಓಡಿದ. ನಿಲ್ದಾಣದ ಕಟ್ಟಡವನ್ನು ಸುತ್ತಿ, ಸೈಕಲ್ ದಾರಿಗೆ ಅಡ್ಡ ಬಂದು ಬೈಸಿಕೊಂಡು, ಏದುಸಿರು ಬಿಡುತ್ತ ಸ್ಪರ್ಧಾ ಕಚೇರಿಯ ಗಾಜಿನ ಬಾಗಿಲಿಗೆ ಬಂದರೆ ಆ ಕಡೆಯಿಂದ ಲೀವೆಯೂ ಬಂದು ನಿಂತಿದ್ದಳು. ಒಂದು ಕೈ ಗೋಡೆಯ ಮೇಲೆ, ಒಂದು ಕೈ ಸೊಂಟದ ಮೇಲೆ.

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಒಳ್ಳೆ ಹಲ್ಲಿನ ಡಾಕ್ಟ್ರು" ಎಂದಳು ಲೀವೆ.

"ಒಳ್ಳೆ ತಂಗಿ" ಎಂದ ಅವನು.

ಅವಳು ನಗತೊಡಗಿದಳು, ಆಮೇಲೆ ಕಣ್ಣು ಒರೆಸಿಕೊಂಡಳು. "ಥೂ, ಎಂಥ ಗತಿ ಬಂತೋ ನಮಗೆ. ನಾನು ನಿನ್ನ ಹೆಸರು ಹೇಳೋಕೆ ಬಂದೆ, ನೀನು ನನ್ನ ಹೆಸರು ಹೇಳೋಕೆ ಬಂದೆ. ಬೇಡ ಕಣೋ. ಬಾ, ಮೊದ್ಲು ಕಾಫಿ ಕುಡಿಯೋಣ. ಹೋಗೋದಾದ್ರೆ ಇಬ್ಬರೂ ಮಾತಾಡ್ಕೊಂಡು ಹೋಗೋಣ. ಇಲ್ದಿದ್ರೆ ಇಬ್ಬರೂ ಬೇಡ."

ಎದುರಿನ ಕಾಫಿ ಅಂಗಡಿಯಲ್ಲಿ ಕಿಟಕಿ ಪಕ್ಕ ಕುಳಿತರು. ಅಲ್ಲಿಂದ ಗಾಜಿನ ಬಾಗಿಲು ಚೆನ್ನಾಗಿ ಕಾಣುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಿದ್ದರು. ಕರಿ ಕೋಟಿನವರು ಯಾರು ಹೋದರೂ ವಾನ್ನೆಸ್‌ಗೆ ಓಕ್ಟಾಫ್‌ನ ವಕೀಲನಂತೆ ಕಾಣುತ್ತಿದ್ದರು. ಅವಳು ಚಮಚ ಎತ್ತಿದರೂ ಎದ್ದೇಳುತ್ತಾಳೇನೋ ಎಂದು ಅವನು ಕುರ್ಚಿಯ ತುದಿಗೆ ಸರಿಯುತ್ತಿದ್ದ. ಇಪ್ಪತ್ತು ವರ್ಷದ ಸ್ನೇಹ ಮೂತ್ರಕ್ಕೂ ಏಳಲಾರದ ಸ್ಥಿತಿಗೆ ಬಂದಿತ್ತು.

ಆದರೆ ಎಷ್ಟು ಹೊತ್ತು ತಾನೇ? ಲೀವೆ ಎದ್ದಳು. "ನನ್ನ ಕೈಲಾಗಲ್ಲಪ್ಪ. ಈಗ ಬಂದೆ." ಬೂದು ಕೋಟನ್ನು ಕುರ್ಚಿಗೆ ಹಾಕಿದಳು. ಚೀಲ, ಫೋನು ಎಲ್ಲ ಮೇಜಿನ ಮೇಲೆ ಅವನ ಮುಂದೆ ಇಟ್ಟಳು. "ಇಕೋ, ಅಡವು" ಎಂದು ಹಿಂಬದಿಗೆ ಹೋದಳು.

ಒಂದು ನಿಮಿಷ. ಎರಡು ನಿಮಿಷ. ಶೌಚಾಲಯ ಹಿಂದಿದೆ. ಹಿಂದೆ ಅಂಗಳವಿರುತ್ತದೆ, ಅಂಗಳಕ್ಕೆ ಬಾಗಿಲು ಇರುತ್ತದೆ. ಕಂಪನಿ ಉಳಿಯುವುದಾದರೆ ಒಂದು ಕೋಟು, ಒಂದು ಫೋನು ಯಾವ ಲೆಕ್ಕ? ತಾನಾಗಿದ್ದರೂ ಹಾಗೇ ಬಿಟ್ಟು ಹೋಗುತ್ತಿದ್ದೆನಲ್ಲ. ಮೂರು ನಿಮಿಷ. ಹತ್ತೊಂಬತ್ತು ಜನರ ಮುಖ ಒಂದೊಂದಾಗಿ ಕಣ್ಣ ಮುಂದೆ ಬಂತು. ಅವನು ಎದ್ದ.

ಸ್ಪರ್ಧಾ ಕಚೇರಿಯ ಮೂರನೆಯ ಮಹಡಿಯಲ್ಲಿ ಕನ್ನಡಕದ ಅಧಿಕಾರಿಣಿಯೊಬ್ಬಳು ಗಡಿಯಾರ ನೋಡಿ ಬರೆದುಕೊಂಡಳು. "ಒಂಬತ್ತು ಮೂವತ್ತೆರಡು. ಈ ವಿಷಯದಲ್ಲಿ ನೀವೇ ಮೊದಲು. ಈಗ ಉಳಿದವರ ಹೆಸರು ಹೇಳಿ ಸಾಕು. ವಿವರ ನಾಳೆ ವಕೀಲರ ಜೊತೆ ಬಂದು ಕೊಡಿ."

ಓಕ್ಟಾಫ್‌ನ ಹೆಸರು ಹೇಳಿದ. ಲೂವೆನ್‌ನವನ ಹೆಸರು ಹೇಳಿದ. ಆಮೇಲೆ ಇನ್ನೊಂದು ಹೆಸರು.

"ಸರಿ. ನೀವು ಬಂದದ್ದು ಆ ಮೂವರಿಗೂ ತಿಳೀಬಾರದು. ತಿಳಿದ್ರೆ ಮಾಫಿ ಹೋಯ್ತು. ಎಂದಿನ ಹಾಗೇ ಇರಿ. ಸೇರೋ ಕಡೆ ಸೇರಿ, ಮಾತಾಡೋರ ಹತ್ರ ಮಾತಾಡಿ."

ರಸ್ತೆ ದಾಟುವಾಗ ಅಂಗಡಿ ಖಾಲಿಯಿರಲಿ, ಅವಳು ನಿಜವಾಗಿಯೂ ಹಿಂಬಾಗಿಲಿನಿಂದ ಹೋಗಿರಲಿ ಎಂದು ಬೇಡಿಕೊಂಡ. ಲೀವೆ ಅದೇ ಕುರ್ಚಿಯಲ್ಲಿ ಕುಳಿತಿದ್ದಳು. ಮುಖ ಬಿಳಿಚಿತ್ತು.

"ಎಲ್ಲಿ ಹೋಗಿದ್ಯೋ?"

"ಹೊರಗೆ. ಸ್ವಲ್ಪ ಗಾಳಿಗೆ. ಉಸಿರು ಕಟ್ಟಿದ ಹಾಗಾಯ್ತು."

ಅವಳು ಅವನನ್ನು ನೋಡಿದಳು. ಆಮೇಲೆ ಅವನ ಲೋಟದ ಮೇಲೆ ಆರದಿರಲೆಂದು ತಾನು ಮುಚ್ಚಿಟ್ಟಿದ್ದ ತಟ್ಟೆಯನ್ನು ತೆಗೆದು ಲೋಟವನ್ನು ಅವನ ಕಡೆ ತಳ್ಳಿದಳು.

"ಟಾಯ್ಲೆಟ್ಟಿನ ಒಳಗಿದ್ದ ಹೆಂಗಸು ಬಾಗಿಲೇ ತೆಗೀಲಿಲ್ಲ, ಕಾದು ಕಾದು ಸಾಕಾಯ್ತು. ಬಂದು ನೋಡಿದ್ರೆ ನೀನಿಲ್ಲ. ಆ ಗಾಜಿನ ಬಾಗಿಲೊಳಗೆ ಹೋಗೇಬಿಟ್ಟೆ ಅಂದ್ಕೊಂಡೆ ವಾನ್ನೆಸ್. ನಿನ್ನ ಮೇಲೆ ಅಂಥಾ ಅನುಮಾನ ಪಟ್ಟೆನಲ್ಲ, ನನಗೇ ನಾಚಿಕೆ ಆಗ್ತಿದೆ. ತಪ್ಪಾಯ್ತು ಕಣೋ."

ಅವನು ಕಾಫಿ ಎತ್ತಿಕೊಂಡು ಕುಡಿದ. ಇನ್ನೂ ಬಿಸಿಯಿತ್ತು.

"ಭಾನುವಾರ ಎಷ್ಟು ಗಂಟೆಗೆ ಬರ್ಲಿ?" ಎಂದು ಕೇಳಿದಳು ಲೀವೆ.

"ಹತ್ತಕ್ಕೆ" ಎಂದ ಅವನು.