ಹಿಂದಕ್ಕೆ ಹೋಗುವ ಕವಲು

ತಕರಾರಿನ ಕುರ್ಚಿ ಕಿರ್ರೆಂದಿತು, ಅಂದರೆ ಈಗ ಬಾಯಿ ಬಿಡುತ್ತಾನೆ, ಬಾಯಿ ಬಿಡುವ ಮೊದಲು ಹಿಂದಕ್ಕೆ ವಾಲುವುದು ಅವನ ಅಭ್ಯಾಸ, ಆಫೀಸಿನಲ್ಲಿ ಅವನಿಗೆ ತಕರಾರು ಎಂದು ಹೆಸರಿಟ್ಟವಳು ನಾನೇ, ಅವನ ನಿಜವಾದ ಹೆಸರು ಸಂಬಳ ಹಾಕುವವರನ್ನು ಬಿಟ್ಟರೆ ಈಗ ಯಾರಿಗೂ ನೆನಪಿಲ್ಲ — ಓಡಿಸಿ ನೋಡಿದ್ದೀರಾ ಮೇಡಂ, ಇದನ್ನೇ ಕೇಳುತ್ತಾನೆಂದು ಅವನು ವಾಲುವಾಗಲೇ ನನಗೆ ಗೊತ್ತಿತ್ತು. ಓಡಿಸಿ ನೋಡುವುದಾದರೆ ಊಹೆ ಯಾಕೆ ಬೇಕು ಮಹರಾಯ, ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿನ ಈ ಭಾಗ ಇರುವುದೇ ಅದಕ್ಕೆ, ಪ್ರೋಗ್ರಾಮನ್ನು ಒಮ್ಮೆಯೂ ಓಡಿಸದೆ ಬರೀ ಅದರ ಮುಖ ನೋಡಿ ಹೇಳಬೇಕು, ಇಲ್ಲಿ ದಾರಿ ಎರಡಾಗಿ ಕವಲೊಡೆಯುತ್ತದೆ, ಇದು ಆದೀತು, ಅದು ಆಗಲಿಕ್ಕಿಲ್ಲ, ಆದೀತು ಎನ್ನುವುದನ್ನು ಕೈಗೆ ಸಿಗುವ ಹಾಗೆ ಹತ್ತಿರ ಇಡು, ಆಗಲಿಕ್ಕಿಲ್ಲ ಎನ್ನುವುದನ್ನು ದೂರ ತಳ್ಳು, ಊಹೆ ಸರಿಯಾದಷ್ಟು ಸಲವೂ ಕೆಲಸ ಬೇಗ ಮುಗಿಯುತ್ತದೆ. ಅದರಲ್ಲೂ ಕಣ್ಣು ಮುಚ್ಚಿ ನಂಬಬಹುದಾದ ನಿಯಮ ಒಂದಿದೆ, ಹಿಂದಕ್ಕೆ ಹೋಗುವ ಕವಲು ಕಂಡರೆ ಅದು ಹಿಂದಕ್ಕೇ ಹೋಗುತ್ತದೆ ಎಂದುಕೋ, ಯಾಕೆಂದರೆ ಅದು ಲೂಪ್, ಒಂದು ಸುತ್ತು ತಿರುಗಿದ್ದು ಮತ್ತೊಂದು ಸುತ್ತು ತಿರುಗಿಯೇ ತಿರುಗುತ್ತದೆ. ನನ್ನ ತಿದ್ದುಪಡಿ ಇಷ್ಟೇ, ಆ ನಂಬಿಕೆಯನ್ನು ಇನ್ನಷ್ಟು ಗಟ್ಟಿ ಮಾಡುವುದು, ಇದಕ್ಕೆ ಇಷ್ಟು ಜನರ ಮೀಟಿಂಗು, ಇಷ್ಟು ಕಾಫಿ. ಸರಿ ಮೇಡಂ, ಕೊನೇ ಸುತ್ತಲ್ಲಿ ಏನಾಗುತ್ತೆ, ಅವನ ಕುರ್ಚಿ ಮತ್ತೆ ಕಿರ್ರೆನ್ನುತ್ತದೆ, ಕೊನೇ ಸುತ್ತಲ್ಲಿ ತಪ್ಪುತ್ತೆ ಕಣ್ರೀ, ಲೂಪಿಂದ ಒಂದು ಸಲ ಹೊರಗೆ ಬರ್ಲೇಬೇಕಲ್ಲ, ಬಂದ ಸಲ ತಪ್ಪುತ್ತೆ, ಊಹೆ ನಂಬಿ ಮಾಡಿಟ್ಟಿದ್ದನ್ನ ಪ್ರೊಸೆಸರ್ ಎಸೆದು ಇನ್ನೊಂದು ದಾರಿ ಹಿಡಿಯುತ್ತೆ, ಅಷ್ಟೇ ತಾನೇ ನಷ್ಟ. ನಾನು ಇಷ್ಟು ಹೇಳುವಾಗ ಅರ್ಧದಷ್ಟು ಮನಸ್ಸೂ ಇಲ್ಲಿರಲಿಲ್ಲ, ಅಕ್ಕನಿಗೆ ರಾತ್ರಿ ಹಾಸಲು ಒಗೆದ ಬೆಡ್‌ಶೀಟು ಇದೆಯೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.

ಅಕ್ಕ ಇಷ್ಟು ಹೊತ್ತಿಗೆ ಮುಕ್ಕಾಲು ದಾರಿ ದಾಟಿರುತ್ತಾಳೆ, ಬಸ್ಸಿನಲ್ಲಿ ತಲೆ ಸುತ್ತುತ್ತದೆಂದು ಕಿಟಕಿ ಪಕ್ಕವೇ ಕೂತಿರುತ್ತಾಳೆ, ಮೀಟಿಂಗಿಗೆ ಬರುವ ಮುಂಚೆ ಫೋನು ಮಾಡಿದ್ದಳು, ಹೊರಟುಬಿಟ್ಟೆ ಕಣೇ ಸಣ್ಣಿ, ಸಂಜೆ ಬಸ್‌ಸ್ಟ್ಯಾಂಡಿಗೆ ಬರ್ತೀಯಾ, ಈ ಸಲ — ಗೊತ್ತು ಗೊತ್ತು, ಬಾ, ನಾನು ಬರ್ತೀನಿ, ಈಗ ಮೀಟಿಂಗಿದೆ ಅಂತ ಇಟ್ಟುಬಿಟ್ಟೆ. ಯಾರ ಮಾತೂ ಮುಗಿಯುವ ತನಕ ಕಾಯುವ ತಾಳ್ಮೆ ನನಗಿಲ್ಲ, ನಾನು ಬಾಯಿ ತೆಗೆಯೋದ್ರೊಳಗೆ ಉತ್ತರ ಹೇಳ್ತೀಯಲ್ಲೇ, ಪ್ರಶ್ನೆನಾದ್ರೂ ಕೇಳೋಕೆ ಬಿಡು ಎಂದು ಅವಳೇ ನಗುತ್ತಿದ್ದಳು, ಚಿಕ್ಕವರಿದ್ದಾಗ. ಆದರೆ ಏನು ಹೇಳುವುದಿದೆ, ಅಕ್ಕ ಗಂಡನ ಮನೆ ಬಿಟ್ಟು ನನ್ನ ಹತ್ತಿರ ಬರುವುದು ಹೊಸದೇನಲ್ಲ, ಬರುತ್ತಾಳೆ, ಒಂದೆರಡು ದಿನ ಗೋಡೆ ಕಡೆ ಮುಖ ಮಾಡಿ ಮಲಗುತ್ತಾಳೆ, ಆಮೇಲೆ ಎದ್ದು ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಾಳೆ, ಅಷ್ಟರಲ್ಲಿ ನಾನೇ ಭಾವನಿಗೆ ಫೋನು ಮಾಡುತ್ತೇನೆ, ಭಾವ ಬಂದು ಸೋಫಾದ ತುದಿಯಲ್ಲಿ ಕೂತು ನೀರು ಕುಡಿದು, ಎತ್ತರದ ದನಿಯೇ ಇಲ್ಲದ ಮನುಷ್ಯ, ತಪ್ಪೆಲ್ಲ ನಂದೇ ಕಣಮ್ಮ ಎಂದು ಅವಳಿಗೆ ಹೇಳಬೇಕಾದ್ದನ್ನು ನನಗೆ ಹೇಳಿ, ಅಕ್ಕನ ಬ್ಯಾಗು ಎತ್ತಿಕೊಂಡು ಮೆಟ್ಟಿಲಿಳಿಯುತ್ತಾನೆ. ಅಕ್ಕ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಇಳಿಯುತ್ತಾಳೆ. ಪ್ರತಿ ಸಲವೂ ಇದೇ, ಕಾರು ತಿರುವು ದಾಟಿದ ಮೇಲೆ ನಾನು ಬಾಗಿಲು ಹಾಕಿಕೊಂಡು, ಹೋದಳಲ್ಲ, ಹೋಗಲಿ, ಅವಳ ಹಣೆಬರಹ ಎನ್ನುತ್ತೇನೆ, ಸಿಟ್ಟೂ ಬರುತ್ತದೆ, ಹಾಯೆಂದೂ ಅನಿಸುತ್ತದೆ, ಸುಳ್ಳು ಯಾಕೆ ಹೇಳಲಿ.

ಹಾಗಾಗಿ ಇವತ್ತು, ಮೀಟಿಂಗಿಗೆ ಇನ್ನೂ ಸ್ವಲ್ಪ ಹೊತ್ತಿತ್ತು, ಹೇಗೂ ಆಮೇಲೆ ಮಾಡುವವಳು ನಾನೇ, ಈಗಲೇ ಮಾಡಿಟ್ಟರೆ ಒಂದು ಕೆಲಸ ಮುಗಿಯಿತು ಎಂದು ಭಾವನ ನಂಬರು ಒತ್ತಿದೆ. ಕವಲಿನ ಆಚೆ ಮಾಡಬೇಕಾದ್ದನ್ನು ಕವಲಿಗೆ ಮುಂಚೆಯೇ ಮಾಡಿಡುವುದು, ನಮ್ಮಲ್ಲಿ ಇದಕ್ಕೆ ಜಾಣತನ ಎನ್ನುತ್ತಾರೆ, ಬೆನ್ನು ತಟ್ಟುತ್ತಾರೆ. ಭಾವ, ಅಕ್ಕ ಹೊರಟಿದ್ದಾಳೆ, ಸಂಜೆ ಇಲ್ಲಿ ಬಸ್‌ಸ್ಟ್ಯಾಂಡಿಗೆ ಬರ್ತಾಳೆ, ನೀವೇ ಬಂದು ಮಾತಾಡಿ ಕರ್ಕೊಂಡು ಹೋಗಿ, ನನಗೂ ಈ ವಾರ ಉಸಿರಾಡೋಕೆ ಪುರುಸೊತ್ತಿಲ್ಲ. ಹೌದಾ, ಎಂದ ಭಾವ, ಎಲ್ಲಿಗೆ ಹೋದ್ಲು ಅಂತ ನಾನು ಇಲ್ಲಿ ಹುಡುಕ್ತಾ ಇದ್ದೀನಿ, ಹೇಳಿದ್ದು ಒಳ್ಳೇದಾಯ್ತು ಕಣಮ್ಮ, ಕಾರಲ್ಲಿ ಬಂದ್ರೆ ಬಸ್ಸಿಗಿಂತ ಮುಂಚೆ ಬರ್ತೀನಿ, ಅವಳಿಗೆ ಹೇಳೋಕೆ ಹೋಗ್ಬೇಡ, ಸುಮ್ನೆ ಗಾಬರಿ ಆಗ್ತಾಳೆ. ನಾನು ಆಯ್ತು ಭಾವ ಎಂದೆ, ಎಂದು ಹಗುರವಾಗಿ ಮೀಟಿಂಗಿಗೆ ಬಂದು ಕೂತೆ.

ಫೋನು ಮೇಜಿನ ಮೇಲೆ ಬೋರಲು ಬಿದ್ದುಕೊಂಡೇ ಗುರ್ರೆಂದಿತು, ತಕರಾರು ಬೋರ್ಡಿನ ಮೇಲೆ ಲೂಪಿನ ಚಿತ್ರ ಬರೆಯುತ್ತಿದ್ದಾನೆ, ಬಾಣ ಸುತ್ತಿ ಸುತ್ತಿ ಬಂದು ಒಂದು ಕಡೆ ಹೊರಗೆ ಚಾಚಿದೆ, ಅಕ್ಕನ ಮೆಸೇಜು. ಸಣ್ಣಿ ನೀನು ಹೇಳೋಕೇ ಬಿಡ್ಲಿಲ್ಲ, ಈ ಸಲ ಬ್ಯಾಗ್ ತಂದಿಲ್ಲ ಕಣೇ, ಕೈಬೀಸ್ಕೊಂಡು ಬಂದಿದ್ದೀನಿ, ಅವ್ರು ಬ್ಯಾಗ್ ಎತ್ಕೊಂಡ್ರೆ ನನ್ನ ಕಾಲು ತಾನಾಗೇ ಅವ್ರ ಹಿಂದೆ ಹೋಗುತ್ತೆ, ಅದಕ್ಕೇ ತಂದಿಲ್ಲ, ನೀನು ನಗಬಹುದು. ಎಲ್ಲಿದ್ದೀನಿ ಅಂತ ಅವ್ರಿಗೆ ಹೇಳ್ಬೇಡ, ಕೇಳಿದ್ರೂ ಹೇಳ್ಬೇಡ, ಈ ಸಲ ಸಿಕ್ಕಿದ್ರೆ ನನ್ನ ಸುಮ್ನೆ ಬಿಡಲ್ಲ. ಫೋನ್ ಆಫ್ ಮಾಡ್ತಿದ್ದೀನಿ, ನೀನು ಬರೋ ತನಕ ಅಲ್ಲೇ ಬೆಂಚಲ್ಲಿ ಕೂತಿರ್ತೀನಿ. ಎರಡನೇ ಸಲ ಓದಿದೆ, ಸುಮ್ನೆ ಬಿಡಲ್ಲ, ಅಂದರೆ ಏನು, ಇಷ್ಟು ದಿನ ಏನು ಮಾಡುತ್ತಿದ್ದ, ಮೇಡಂ ನೋಡಿ, ಈ ಬಾಣ ಎಲ್ಲಿ ಹೊರಗೆ ಹೋಗುತ್ತೆ ಅಂತ ನಿಮ್ಮ ನಿಯಮ ನೋಡೋದೇ ಇಲ್ಲ, ಎಷ್ಟು ಸಲ ತಿರುಗಿತು ಅಂತ ಮಾತ್ರ — ನಾನು ಎದ್ದೆ, ಕುರ್ಚಿ ಹಿಂದಕ್ಕೆ ಬಿತ್ತು, ಎಲ್ಲರೂ ನೋಡಿದರು, ಅಕ್ಕ ಬಂದಿದ್ದಾಳೆ ಎಂದೇನೋ ಹೇಳಿದೆ, ಬಂದಿದ್ದರೆ ಇಷ್ಟು ಗಾಬರಿ ಯಾಕೆ ಎಂದು ಅವರಿಗೆ ಅನಿಸಿರಬೇಕು.

ಸ್ವಲ್ಪ ಬೇಗ ಹೋಗಿ, ಎಲ್ಲಿ ಹೋಗ್ಲಿ ಮೇಡಂ, ಸಿಗ್ನಲ್ ನೋಡಿ ಎನ್ನುತ್ತಾನೆ ಟ್ಯಾಕ್ಸಿಯವನು, ಅಕ್ಕನ ಫೋನು ಆಫ್, ಭಾವನ ಫೋನು ರಿಂಗಾಗುತ್ತದೆ, ಎತ್ತುತ್ತಿಲ್ಲ, ಎತ್ತಿದರೂ ಏನು ಹೇಳಲಿ, ಹೇಳಿದ್ದನ್ನು ವಾಪಸು ಕೊಡಿ ಎನ್ನಲೇ. ಮಾಡಿಟ್ಟದ್ದನ್ನು ಎಸೆದರಾಯಿತು ಎಂದೆನಲ್ಲ ಈಗ ತಾನೇ, ಎಷ್ಟು ಸಲೀಸಾಗಿ ಎಂದೆ, ಯಂತ್ರ ಎಸೆಯಬಲ್ಲದು, ಯಾಕೆಂದರೆ ಊಹೆಯ ಮೇಲೆ ಮಾಡಿದ್ದನ್ನು ಅದು ತನ್ನೊಳಗೇ ಇಟ್ಟುಕೊಂಡಿರುತ್ತದೆ, ದಾರಿ ಖಚಿತವಾಗುವ ತನಕ ಹೊರಗಿನವರಿಗೆ ಒಂದಕ್ಷರ ತಿಳಿಸುವುದಿಲ್ಲ, ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರಿಗೆ ನಾನೇ ಮೇಜು ಕುಟ್ಟಿ ಹೇಳಿಕೊಡುವ ಪಾಠ, ಹೊರಗೆ ಹೋಗುವ ಮಾತನ್ನು ಊಹೆಯ ಮೇಲೆ ಆಡಬೇಡಿ. ಆಡಿದೆ. ಹೋದ ಸಲ ಅಕ್ಕ ಮೇಲಿನ ಶೆಲ್ಫಿನಿಂದ ಡಬ್ಬ ಇಳಿಸುವಾಗ ರವಿಕೆಯ ತೋಳು ಜಾರಿ, ಮೊಣಕೈ ಮೇಲೆ ನಾಲ್ಕು ಗುರುತು, ಒಂದರ ಪಕ್ಕ ಒಂದು, ಏನೇ ಅದು, ಬಾಗಿಲು ತಗುಲಿತು ಎಂದಳು, ಓ ಹೌದಾ ಎಂದೆ, ಬಾಗಿಲಿಗೆ ಬೆರಳಿರುತ್ತವೆಯೇ, ನೋಡಿದೆ, ನೋಡಿ ಓ ಹೌದಾ ಎಂದೆ. ಅದಕ್ಕೂ ನಮ್ಮಲ್ಲಿ ನಿಯಮವಿದೆ, ಪ್ರೋಗ್ರಾಮು ತಪ್ಪಾಯಿತೆಂದು ಕೂಗಿಕೊಂಡು ನಿಂತುಬಿಡುವ ದಾರಿ ಅಪರೂಪದ್ದು, ಅದನ್ನು ಎಲ್ಲಕ್ಕಿಂತ ದೂರದ ಮೂಲೆಗೆ ಹಾಕು, ದಿನದ ಕೆಲಸಕ್ಕೆ ಅಡ್ಡ ಬರಬಾರದು, ಹಾಕಿದೆ, ಅಷ್ಟು ದೂರ ಹಾಕಿದ್ದೆ, ಈಗ ಈ ಸಿಗ್ನಲ್ಲಿನಲ್ಲಿ ಕೂತು ಅಲ್ಲಿಂದ ಎಳೆದು ತರಬೇಕಾಯಿತು, ಎಷ್ಟು ಹೊತ್ತು ಹಿಡಿಯಿತು ನೋಡು. ಹಲೋ — ಎತ್ತಿದ, ಭಾವ, ಅಕ್ಕ ಬರ್ತಿಲ್ಲ, ಮನಸ್ಸು ಬದಲಾಯಿಸಿದ್ಲು, ದಾರೀಲೇ ಇಳಿದುಬಿಟ್ಲಂತೆ, ನೀವು ವಾಪಸು ಹೊರಡಿ, ನನ್ನ ದನಿ ನನಗೇ ಸುಳ್ಳೆಂದು ಕೇಳಿಸುತ್ತಿದೆ, ಆ ಕಡೆ ಅದೇ ತಗ್ಗಿದ ದನಿ, ಹಾಗಾ, ಇರ್ಲಿ ಕಣಮ್ಮ, ಬಂದಾಳು, ನಾನು ಕಾಯ್ತೀನಿ, ನೀನು ನಿನ್ನ ಕೆಲಸ ನೋಡ್ಕೋ. ಅವನ ದನಿಯ ಹಿಂದೆ ಬಸ್ಸಿನ ಹಾರ್ನು ಕೇಳಿಸಿತು, ಫೋನು ಇಟ್ಟ.

ಇಲ್ಲೇ ಇಳೀತೀನಿ ಬಿಡಿ ಎಂದು ಸಿಗ್ನಲ್ಲಿನಲ್ಲೇ ಇಳಿದು ಓಡುತ್ತಿದ್ದೇನೆ, ಎಷ್ಟು ವರ್ಷವಾಯಿತು ಓಡಿ, ಬಸ್‌ಸ್ಟ್ಯಾಂಡಿನ ಗೇಟು, ಡೀಸೆಲ್ ವಾಸನೆ, ಪಿಳ್ಳೆಗಳನ್ನು ಎಳೆದುಕೊಂಡು ಹೋಗುವ ಅಮ್ಮಂದಿರು, ಟ್ರಂಕು, ಮೂಟೆ, ಎಲ್ಲರ ಕೈಯಲ್ಲೂ ಒಂದಲ್ಲ ಒಂದು ಸಾಮಾನು, ಯಾವ ಬೆಂಚು ಅಕ್ಕ, ಎಷ್ಟು ಬೆಂಚಿವೆ ಇಲ್ಲಿ — ಅಗೋ. ಆ ತುದಿಯಲ್ಲಿ, ಕಂಬದ ಪಕ್ಕ, ಶಾಲೆಗೆ ಹೊಸದಾಗಿ ಸೇರಿದವಳ ಹಾಗೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದಾಳೆ, ಗೇಟಿನ ಕಡೆ ನೋಡುತ್ತಿದ್ದಾಳೆ, ನನಗಾಗಿ ನೋಡುತ್ತಿದ್ದಾಳೆ, ಆದರೆ ಭಾವ ಗೇಟಿನಿಂದ ಬರಲಿಲ್ಲ, ಕಂಬದ ಹಿಂದಿನಿಂದ ಬಂದ, ನಿಧಾನವಾಗಿ, ಒಗೆದ ಅಂಗಿ, ಮುಖದ ಮೇಲೆ ಆ ಪಾಪದ ನಗು, ಅಕ್ಕಾ ಎಂದು ಕೂಗಿದೆ, ನಡುವೆ ಬಸ್ಸೊಂದು ಹಿಂದಕ್ಕೆ ಬರುತ್ತಿದೆ, ಬರಲಿ ಬರಲಿ ಎಂದು ಕಂಡಕ್ಟರು ಅದರ ಬೆನ್ನು ಬಡಿಯುತ್ತಿದ್ದಾನೆ, ನನ್ನ ಕೂಗು ಅದರೊಳಗೆ ಹೋಯಿತು. ಬಸ್ಸು ಸರಿಯಿತು. ಭಾವ ಅವಳ ಮುಂದೆ ನಿಂತಿದ್ದಾನೆ, ಏನೋ ಹೇಳುತ್ತಿದ್ದಾನೆ, ಹೇಳುತ್ತಲೇ ಬಗ್ಗಿ ಅವಳ ಕಾಲ ಬಳಿಗೆ ಕೈ ಚಾಚಿದ, ಬ್ಯಾಗಿಗೆ, ನೋಡದೆಯೇ ಚಾಚಿದ, ಇದ್ದೇ ಇರುತ್ತದೆ ಎಂಬ ನಂಬಿಕೆ, ಕೈ ಬರೀ ಗಾಳಿಯಲ್ಲಿ ಒಮ್ಮೆ ಮುಚ್ಚಿ ಬಿಚ್ಚಿಕೊಂಡಿತು, ಮತ್ತೆ ತಡಕಿತು, ಬೆಂಚಿನ ಕೆಳಗೆ, ಆ ಪಕ್ಕ, ಈ ಪಕ್ಕ, ಏನೂ ಇಲ್ಲ. ಅಕ್ಕ ಏಳಲಿಲ್ಲ. ಅವಳು ಏಳಲಿಲ್ಲ, ಅವನ ಮುಖದ ನಗು ಹೋಯಿತು, ಕೈ ಮಾತ್ರ ಅಲ್ಲೇ ಇದೆ, ನೆಲಕ್ಕೂ ಅವಳ ಮಡಿಲಿಗೂ ನಡುವೆ, ನಾನು ಓಡುತ್ತಿದ್ದೇನೆ, ಹೇಳೇ ಎಲ್ಲ ಗೊತ್ತಿರುವವಳೇ, ಈಗ ಆ ಕೈ ಎಲ್ಲಿಗೆ ಹೋಗುತ್ತದೆ ಹೇಳು, ಖಾಲಿ ಕೈ, ಬೆರಳು ಬಿಚ್ಚಿದ ಕೈ, ಅವಳ ತೋಳಿಗೆ ಒಂದು ಗೇಣು ಈಚೆ, ಅಕ್ಕ ಇನ್ನೂ ಕೂತಿದ್ದಾಳೆ, ಆ ಕೈ, ನಾಲ್ಕು ಬೆರಳು, ಒಂದರ ಪಕ್ಕ ಒಂದು, ಆ ಕೈ —