ಎದೆಗೆ ಬಿಗಿದ ಬ್ಯಾಗು

ನಮ್ಮವರ ಹೆಸರನ್ನು ನಾನು ಬಾಯಿಬಿಟ್ಟು ಹೇಳಬಾರದು ಅಂತ ನಮ್ಮತ್ತೆ ಕಾಳಿಯಮ್ಮನ ಕಟ್ಟಪ್ಪಣೆ. ಆದರೆ ಪೆನ್ನಾಗರದ ಅಂಗಡಿ ಮೇಲೆ ‘ಬಾಲಾಜಿ ವೀಡಿಯೋ’ ಅಂತ ಊರಿಗೆಲ್ಲ ಕಾಣುವ ಹಾಗೆ ಅವರೇ ಬರೆಸಿಕೊಂಡಿದ್ದಾರೆ, ಇನ್ನು ನಾನು ಮುಚ್ಚಿಟ್ಟು ಏನಾಗಬೇಕು.

ಕ್ಯಾಮೆರಾ ಬಂದದ್ದು ತೊಂಬತ್ತನಾಲ್ಕರಲ್ಲಿ. ಹೆಗಲ ಮೇಲೆ ಹೊತ್ತುಕೊಂಡು ಹಿಡಿಯುವ ದೊಡ್ಡ ವೀಡಿಯೋ ಕ್ಯಾಮೆರಾ. ಅತ್ತೆ ತಮ್ಮ ಕುರಿ ಹಿಂಡನ್ನು ಪೂರಾ ಮಾರಿ ಮಗನಿಗೆ ಅದನ್ನು ಕೊಡಿಸಿದ್ದರು. ಹಾಗಾಗಿ ಮನೆಯಲ್ಲಿ ಅದಕ್ಕೆ ನನಗಿಂತ ಹೆಚ್ಚಿನ ಮರ್ಯಾದೆ. ಕ್ಯಾಮೆರಾ, ಬ್ಯಾಟರಿ, ಲೈಟು, ವೈರು ಎಲ್ಲವನ್ನೂ ಹಳೇ ದುಪ್ಪಟಿಯಲ್ಲಿ ಸುತ್ತಿ ನನ್ನ ಮದುವೆಯ ರೆಕ್ಸಿನ್ ಪೆಟ್ಟಿಗೆಯಲ್ಲಿ ತುಂಬಿಕೊಂಡು ನಮ್ಮವರು ಓಡಾಡುತ್ತಿದ್ದರು, ಲೈಟು ಹಿಡಿಯಲು ಜೊತೆಗೆ ನಾನು. ಓಮಲೂರಿನಲ್ಲಿ ಬಸ್ಸು ಹತ್ತುವಾಗ ಒಂದು ದಿನ ಪೆಟ್ಟಿಗೆಯ ಹಿಡಿ ಕಿತ್ತು ಬಂತು. ಪುಣ್ಯಕ್ಕೆ ಪೆಟ್ಟಿಗೆ ನನ್ನ ಕಾಲ ಮೇಲೆ ಬಿತ್ತು. ನಮ್ಮವರು ಮೊದಲು ಕ್ಯಾಮೆರಾ ನೋಡಿದರು, ಆಮೇಲೆ ಕಾಲು ನೋಡಿದರು. ಮಾರನೇ ದಿನವೇ ಹೊಸ ಬ್ಯಾಗು ತರಲು ಸೇಲಂಗೆ ಹೊರಟೆವು.

ಹಳೇ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯವನು ಎರಡು ಬ್ಯಾಗು ತೆಗೆದಿಟ್ಟ. ಒಂದು, ಒಂದೇ ಪಟ್ಟಿಯನ್ನು ಹೆಗಲಿಗೆ ನೇತುಹಾಕಿಕೊಳ್ಳುವ ಅಗಲವಾದ ಚೀಲ. ಇನ್ನೊಂದು ಬೆನ್ನಿಗೆ ಹಾಕಿಕೊಳ್ಳುವುದು. ಒಳಗೆಲ್ಲ ಸ್ಪಂಜು, ಎರಡು ತೋಳಿಗೆ ಎರಡು ಪಟ್ಟಿ, ಅದು ಸಾಲದೆಂದು ಎದೆಗೊಂದು ಕ್ಲಿಪ್ಪು, ಸೊಂಟಕ್ಕೊಂದು ಕ್ಲಿಪ್ಪು.

“ಫಾರಿನ್ ಮಾಡೆಲ್ ಸಾರ್. ಉಡಂಬೋಡ ಒಟ್ಟಿಕ್ಕುಂ,” ಅಂದ ಅಂಗಡಿಯವನು. ಮೈಗೇ ಅಂಟಿಕೊಂಡುಬಿಡುತ್ತದಂತೆ.

ನಾನು ಹೊಗೆನಕಲ್ಲಿನ ಹೊಳೆದಂಡೆಯವಳು. ನಮ್ಮಪ್ಪ ಚಿಕ್ಕಣ್ಣ ಅಲ್ಲಿ ಹರಿಗೋಲು ಹಾಕುತ್ತಾನೆ, ನಾವು ಪರಿಸಲ್ ಅಂತೀವಿ. ಪರಿಸಲ್ ಹತ್ತುವವರು ಮೈಗೆ ಏನನ್ನೂ ಕಟ್ಟಿಕೊಂಡಿರಬಾರದು. ಟವೆಲ್ ಸುತ್ತಿದ್ದರೆ ಬಿಚ್ಚಬೇಕು, ಕೂಸನ್ನು ಸೆರಗಿನಿಂದ ಬಿಗಿದಿದ್ದರೆ ಬಿಚ್ಚಿ ಕೈಯಲ್ಲಿ ಹಿಡಿಯಬೇಕು. ಬಿಚ್ಚದಿದ್ದರೆ ತಹಶೀಲ್ದಾರನಾದರೂ ನಮ್ಮಪ್ಪ ಹುಟ್ಟು ಎತ್ತುವುದಿಲ್ಲ. ನನ್ನ ತಮ್ಮ ಸೊಂಟಕ್ಕೆ ಬಲೆ ಕಟ್ಟಿಕೊಂಡು ಹೋದವನು, ಬಲೆಯ ಸಮೇತ ಸಿಕ್ಕಿದ್ದ.

“ಇದು ಬ್ಯಾಡ. ಆ ಹೆಗಲ ಚೀಲನೇ ತಕ್ಕಳಿ,” ಅಂದೆ.

“ಹೆಗಲ ಚೀಲ ಯಾವನಾದ್ರೂ ಕಿತ್ಕೊಂಡು ಓಡ್ತಾನೆ. ಇದು ಕಳಚೋದೇ ಇಲ್ಲ ನೋಡು,” ಅಂತ ಹಾಕಿಕೊಂಡು ಕುಣಿದು ತೋರಿಸಿದರು.

“ಕಳಚೋದಿಲ್ಲ ಅಂತಾನೇ ಬ್ಯಾಡ ಅಂತಿರೋದು.”

“ನಿಂಗೆ ಎಲ್ಲಿ ನೋಡಿದ್ರೂ ಹೊಳೆ,” ಅಂದರು. ಅವರು ನೀರು ಕಾಣದ ಕಲ್ಲುನೆಲದಲ್ಲಿ ಕುರಿ ಹಿಂದೆ ಬೆಳೆದವರು, ಈಜು ಬಾರದು. ಅಂಗಡಿಯವನು ನಕ್ಕ. ಬ್ಯಾಗು ಬಂತು.

ಬಸ್ಸಿನಲ್ಲಿ ಕಳ್ಳರ ಭಯಕ್ಕೆ ಅದನ್ನು ಬೆನ್ನಿಗಲ್ಲ, ಎದೆಗೆ ಹಾಕಿಕೊಳ್ಳತೊಡಗಿದರು. ಆಗ ಕ್ಲಿಪ್ಪುಗಳೆರಡೂ ಬೆನ್ನ ಕಡೆ ಬರುತ್ತಿದ್ದವು, ಅವರ ಕೈಗೇ ಎಟುಕುತ್ತಿರಲಿಲ್ಲ. ಹಾಕುವವಳೂ ನಾನೇ, ಬಿಚ್ಚುವವಳೂ ನಾನೇ. ಎಳೆಗುರಿಮರಿಯನ್ನು ಅಪ್ಪಿಕೊಂಡ ಹಾಗೆ ಅದನ್ನು ಎರಡೂ ತೋಳಲ್ಲಿ ಅಪ್ಪಿಕೊಂಡು ಕೂರುತ್ತಿದ್ದರು.

ಆವಣಿ ತಿಂಗಳಲ್ಲಿ, ಶ್ರಾವಣದ ಹೊತ್ತಿಗೆ, ಹೊಳೆಯಾಚೆ ಕರ್ನಾಟಕದ ಕಡೆಯ ನಂಜಯ್ಯ ಅನ್ನುವವರ ಮಗಳ ಮದುವೆಗೆ ವೀಡಿಯೋ ಒಪ್ಪಿಕೊಂಡರು. ಹಿಂದಿನ ದಿನ ಮಧ್ಯಾಹ್ನ ನಾವು ಹೊಗೆನಕಲ್ಲಿಗೆ ಬಂದಾಗ ನಮ್ಮಪ್ಪ ದಡದಲ್ಲಿ ಕಾಯುತ್ತಿದ್ದ. ಮೇಲೆ ಎಲ್ಲೋ ಮಳೆಯಾಗಿ ನೀರು ಕೆಂಪಗೆ ತಿರುಗಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಪ್ಪ ಅಳಿಯನ ಜೊತೆ ನೇರ ಮಾತಾಡುವುದಿಲ್ಲ. ಹೆಣ್ಣು ಕೊಟ್ಟವನು ಅಳಿಯನಿಗೆ ಇದು ಮಾಡು, ಅದು ಬಿಡು ಅನ್ನಬಾರದು. ಅದು ನಮ್ಮ ಜನರ ಪದ್ಧತಿ. ಹೇಳುವುದಿದ್ದರೆ ನನಗೆ ಹೇಳುತ್ತಾನೆ, ನಾನು ಅವರಿಗೆ ಹೇಳುತ್ತೇನೆ. ಅವರು ಎದುರಿಗೇ ನಿಂತಿದ್ದರೂ ಅಷ್ಟೇ. ನನಗೆ ಇದು ಯಾವಾಗಲೂ ನಗು ತರುತ್ತಿತ್ತು, ಅವತ್ತಿನವರೆಗೆ.

ಅಪ್ಪ ಬ್ಯಾಗನ್ನು ನೋಡಿದ, ಬೆನ್ನ ಮೇಲಿನ ಕ್ಲಿಪ್ಪುಗಳನ್ನು ನೋಡಿದ. ಮುಖ ಕಪ್ಪಿಟ್ಟಿತು. “ಚಂದ್ರಾ, ಅದ ಬಿಚ್ಚಿ ಪರಿಸಲ್ ನಡುಮಧ್ಯ ಮಡಗಕ್ಕೆ ಯೇಳು ಅವ್ರಿಗೆ,” ಅಂದ.

“ಬಿಚ್ಚಬೇಕಂತೆ,” ಅಂದೆ.

“ತಳದಲ್ಲಿ ನೀರು ಐತಲ್ಲ. ಕ್ಯಾಮೆರಾಗೆ ನೀರು ಬಿದ್ರೆ ಮುಗೀತು.”

“ಅಪ್ಪಾ, ತಳದಲ್ಲಿ ನೀರೈತಂತೆ.”

“ನನ್ನ ಕಂಬಳಿ ಮಡಚಿ ಆಕ್ತೀನಿ ಅಂತ ಯೇಳು.”

“ಕಂಬಳಿ ನೀರು ಕುಡಿಯಲ್ವಾ? ನನ್ನ ಸಾಮಾನು ನಂಗೆ ಗೊತ್ತು ಅಂತ ಹೇಳು ನಿಮ್ಮಪ್ಪನಿಗೆ,” ಅಂದರು. ದನಿ ಏರಿತ್ತು. ಪಕ್ಕದಲ್ಲಿ ಮೀನು ಹುರಿಯುತ್ತಿದ್ದ ಚೆಲ್ಲಮ್ಮ ಕೈ ನಿಲ್ಲಿಸಿ ನಮ್ಮ ಕಡೆ ನೋಡಿದಳು.

ಬೇರೆ ಯಾರಾದರೂ ಆಗಿದ್ದರೆ ಅಪ್ಪ ಪರಿಸಲ್ಲನ್ನು ಬೋರಲು ಹಾಕಿ ಮನೆಗೆ ಹೋಗುತ್ತಿದ್ದ. ಇವರು ಅಳಿಯ. ಅಪ್ಪ ತಲೆ ತಗ್ಗಿಸಿ ಹುಟ್ಟು ಎತ್ತಿಕೊಂಡ. ಬಿಚ್ಚದವರಿಗೆ ಅಪ್ಪ ಹುಟ್ಟು ಎತ್ತಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಾನೇ ದಡದಲ್ಲಿ ಕೂತು ಬರುವುದಿಲ್ಲ ಅನ್ನಬಹುದಿತ್ತು. ಮೂರು ಜನರ ಮರ್ಯಾದೆ ನೋಡುತ್ತಾ ನಾನೂ ಹತ್ತಿದೆ.

ಪರಿಸಲ್ಲಿನಲ್ಲಿ ತಳಕ್ಕೆ ಅಂಟಿ ಕೂರಬೇಕು. ಬ್ಯಾಗು ಒದ್ದೆಯಾಗುತ್ತದೆಂದು ಇವರು ಕುಕ್ಕರುಗಾಲಲ್ಲಿ ಕೂತರು, ಭಾರವೆಲ್ಲ ಎದೆಯ ಮೇಲೆ. ದಡದ ಹತ್ತಿರ ನೀರು ಸುಮ್ಮನಿತ್ತು. ಬಂಡೆ ದಾಟಿದ ಮೇಲೆ ಎಳೆತ ಶುರುವಾಯಿತು. ಅಪ್ಪ ಹಲ್ಲು ಕಚ್ಚಿ ಹುಟ್ಟು ಹಾಕುತ್ತಿದ್ದ.

“ಕೆಳಿಕ್ಕೆ ಕೂತ್ಕಳಕ್ಕೆ ಯೇಳು, ಚಂದ್ರಾ.”

“ಕೆಳಗೆ ಕೂರಬೇಕಂತೆ.”

“ಇರು, ಇನ್ನೇನು ಬಂತಲ್ಲ.”

“ಚಂದ್ರಾ, ಸುಳಿ ಬತ್ತಾ ಐತೆ, ಯೇಳು ಅವ್ರಿಗೆ…”

ನಾನು ಬಾಯಿ ತೆರೆಯುವಷ್ಟರಲ್ಲಿ ಪರಿಸಲ್ ಗಿರ್ರನೆ ತಿರುಗಿ ಒಂದು ಮಗ್ಗುಲಿಗೆ ವಾಲಿತು. ನಮ್ಮವರು ಕೂತಲ್ಲಿಂದಲೇ ಬ್ಯಾಗಿನ ಭಾರಕ್ಕೆ ಮುಂದಕ್ಕೆ ಮುಗ್ಗರಿಸಿ ನೀರಿಗೆ ಬಿದ್ದರು. ಕೂಗಲೂ ಇಲ್ಲ.

ಬೆನ್ನ ಮೇಲಿನ ಪಟ್ಟಿ ನನ್ನ ಕೈಗೆ ಸಿಕ್ಕಿತು. ಹೊಟ್ಟೆ ಮೇಲೆ ಬಿದ್ದು, ಪರಿಸಲ್ಲಿನ ಎದುರಂಚಿನ ಬಿದಿರಿಗೆ ಕಾಲು ಕೊಟ್ಟು ಹಿಡಿದುಕೊಂಡೆ. ಅವರ ತಲೆ ಒಮ್ಮೆ ಮೇಲೆ ಬಂದು ಮತ್ತೆ ಮುಳುಗಿತು. ಬ್ಯಾಗಿನ ಸ್ಪಂಜು ನೀರು ಕುಡಿದು ಕ್ಷಣ ಕ್ಷಣಕ್ಕೂ ಭಾರವಾಗುತ್ತಿತ್ತು. ಕ್ಲಿಪ್ಪು ಬಿಚ್ಚಿದರೆ ನನ್ನ ಹಿಡಿತವೂ ಹೋಗುತ್ತದೆ, ಬಿಚ್ಚದಿದ್ದರೆ ಅವರೇ ಹೋಗುತ್ತಾರೆ. ಇನ್ನೊಂದು ಕೈಯಿಂದ ಕೂದಲು ಹಿಡಿದುಕೊಂಡೆ. ಪಟ್ಟಿ ಬಿಟ್ಟು ಮೇಲಿನ ಕ್ಲಿಪ್ಪನ್ನು ಒತ್ತಿದೆ, ಪಟ್ ಅಂತು. ಸೊಂಟದ್ದು ನೀರೊಳಗಿತ್ತು. ತಡಕಿದೆ. ಅಂಗಿ ಸಿಕ್ಕಿತು, ಬೆಲ್ಟು ಸಿಕ್ಕಿತು, ಕೊನೆಗೆ ಅದು ಸಿಕ್ಕಿತು. ಉಗುರು ಕಿತ್ತು ಹೋದದ್ದು ಆಮೇಲೆ ಗೊತ್ತಾಯಿತು.

ಎರಡೂ ಬಿಚ್ಚಿದರೂ ಬ್ಯಾಗು ಹೋಗಲಿಲ್ಲ. ಅವರು ಅದನ್ನು ಎರಡೂ ತೋಳಿನಿಂದ ಅಪ್ಪಿಕೊಂಡಿದ್ದರು.

“ಬಿಡೀ! ಬಿಡೀ ಅಂತೀನಿ!” ಅಂತ ಕಿರುಚಿದೆ. ಬಾಯಿಗೆ ನೀರು ನುಗ್ಗುತ್ತಿದ್ದರೂ ತಲೆ ಅಲ್ಲಾಡಿಸಿದರು. ಅಮ್ಮನ ಕುರಿ ಅಂತ ಏನೋ ಅಂದರು. ನನಗೆ ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಈ ಕೂದಲನ್ನೇ ಜಗ್ಗಿ ಕಿತ್ತುಬಿಡೋಣ ಅನ್ನಿಸಿತು.

ಆಗ ನನ್ನ ಕಿವಿಯ ಪಕ್ಕದಲ್ಲೇ ಅಪ್ಪನ ದನಿ. ಅಪ್ಪ ಹುಟ್ಟು ಬಿಸಾಕಿ ಬಂದಿದ್ದ.

“ಲೇ ಬಾಲಾಜಿ! ಲೇ ಮುಂಡೇದೇ! ಬುಡ್ಲಾ ಅದ! ಕೈ ಕೊಡ್ಲಾ ನಂಗೆ, ಎಲ್ಡು ಕೈಯ್ಯೂ ಕೊಡ್ಲಾ!”

ಅವರು ತಟ್ಟನೆ ಅಪ್ಪನ ಕಡೆ ತಿರುಗಿದರು. ತೋಳು ಸಡಿಲಿಸಿ ಎರಡೂ ಕೈ ಚಾಚಿದರು. ಪಟ್ಟಿಗಳು ತೋಳಿನಿಂದ ಜಾರಿದವು. ಬ್ಯಾಗು ಒಮ್ಮೆ ಕಪ್ಪಗೆ ಕಂಡು ಕೆಂಪು ನೀರಿನೊಳಗೆ ಇಳಿದುಹೋಯಿತು. “ಆಚೆ ಮಗ್ಗುಲಿಗೆ ಓಗು, ಚಂದ್ರಾ,” ಅಂದ ಅಪ್ಪ. ನಾನು ತೂಕಕ್ಕೆ ಆಚೆ ಸರಿದೆ. ಅಪ್ಪ ಅವರನ್ನು ಒಳಗೆ ಎಳೆದುಕೊಂಡ. ನನ್ನ ಧಾರೆಯ ದಿನ ಬಿಟ್ಟರೆ ಅವರಿಬ್ಬರ ಕೈ ಸೇರಿದ್ದು ಅದೇ ಮೊದಲು.

ಹುಟ್ಟಿಲ್ಲದ ಪರಿಸಲ್ ಕೆಳಗೆ ಒಂದು ಮರಳ ದಿಬ್ಬಕ್ಕೆ ತಗುಲಿ ನಿಂತಿತು. ಅಪ್ಪ ಇವರ ಬೆನ್ನು ತಟ್ಟಿ ನೀರು ಕಕ್ಕಿಸಿದ, ಒದ್ದೆ ಕಂಬಳಿಯನ್ನೇ ಹಿಂಡಿ ಹೊದಿಸಿದ. ಆಮೇಲೆ ತಾನು ಏನು ಅಂದೆ ಅನ್ನುವುದು ನೆನಪಾಗಿರಬೇಕು. ದೂರ ಹೋಗಿ ನಮ್ಮ ಕಡೆ ಬೆನ್ನು ಹಾಕಿ ಕೂತುಬಿಟ್ಟ.

ಆ ಮದುವೆಗೆ ಒಂದು ಫೋಟೋ ಕೂಡ ಇಲ್ಲ. ಅತ್ತೆ ಮಗನ ತಲೆ ಸವರಿ, ಕುರಿ ಹೋದ್ರೆ ಓಯ್ತು ಬುಡು, ಅಂದರು. ನಮ್ಮವರು ಮಾತ್ರ ಆ ದಿನದ ಬಗ್ಗೆ ಬಾಯಿ ಬಿಡಲಿಲ್ಲ. ಅಪ್ಪ ನಮ್ಮ ಮನೆಗೆ ಬರುವುದನ್ನೇ ನಿಲ್ಲಿಸಿದ. “ಅಳೀನ ಮುಂಡೇದೇ ಅಂದ್ಬುಟ್ಟೆ. ಯಾವ ಮೊಕ ಒತ್ಕೊಂಡು ಬರ್ಲಿ?” ಅನ್ನುತ್ತಿದ್ದ. ದೀಪಾವಳಿಗೂ ಬರಲಿಲ್ಲ. ಒಬ್ಬರನ್ನು ಉಳಿಸಿಕೊಂಡು ಇನ್ನೊಬ್ಬರನ್ನು ಕಳೆದುಕೊಂಡೆನಲ್ಲ ಅಂತ ನಾನು ಒಲೆಯ ಮುಂದೆ ಕೂತು ಅಳುತ್ತಿದ್ದೆ. ಇವರಿಗೆ ಅವಮಾನವಾಗಿದೆ ಅಂತಲೇ ನಂಬಿದ್ದೆ.

ಪೊಂಗಲ್ ಕಳೆದ ಮೇಲೆ ನಮ್ಮವರು ಯಾರದೋ ಹಳೇ ಫೋಟೋ ಕ್ಯಾಮೆರಾ, ಫ್ಲಾಶು ಹೊಂದಿಸಿಕೊಂಡರು. ಸೇಲಂಗೆ ಬ್ಯಾಗು ತರಲು ಹೋಗೋಣ ಅಂದರು. ಬಸ್ಸು ಹತ್ತುವ ಮುಂಚೆ ನನ್ನನ್ನು ಸ್ಟ್ಯಾಂಡಿನಲ್ಲಿ ಕೂರಿಸಿ ಎಲ್ಲಿಗೋ ಹೋದವರು ಎರಡು ತಾಸಿಗೆ ಹೊಗೆನಕಲ್ಲಿನಿಂದ ಅಪ್ಪನನ್ನು ಕರೆದುಕೊಂಡು ಬಂದರು. ಅಪ್ಪನ ಮುಖದಲ್ಲಿ ರಕ್ತವೇ ಇರಲಿಲ್ಲ.

ಅದೇ ಅಂಗಡಿ. ಅಂಗಡಿಯವನು ಮತ್ತೆ ಎರಡು ನಮೂನೆ ತೆಗೆದಿಟ್ಟ. ಇವರು ಎರಡನ್ನೂ ಅಪ್ಪನ ಮುಂದಕ್ಕೆ ತಳ್ಳಿದರು. ಅಪ್ಪ ಎರಡರ ಪಟ್ಟಿಗಳನ್ನೂ ಎಳೆದು ನೋಡಿದ. ಆಮೇಲೆ ಹೆಗಲ ಚೀಲವನ್ನು ಎತ್ತಿ ಒಂದೇ ಭುಜಕ್ಕೆ ಹಾಕಿಕೊಂಡ, ಭುಜ ಕೊಡವಿದ. ಚೀಲ ಧೊಪ್ಪನೆ ನೆಲಕ್ಕೆ ಬಿತ್ತು. ಅಂಗಡಿಯವನು ಅಯ್ಯೋ ಅಂದ. ಅಪ್ಪ ನನ್ನ ಕಡೆ ತಿರುಗಿ, “ಚಂದ್ರಾ, ಅವ್ರಿಗೆ ಯೇಳು…” ಅಂದ.

“ಅವಳಿಗ್ಯಾಕೆ ಯೇಳ್ತೀರ ಮಾವ,” ಅಂದರು ನಮ್ಮವರು. “ಅವತ್ತು ಅವಳು ಯೇಳಿದ್ದು ನಂಗೆ ಕೇಳಿಸ್ಲಿಲ್ಲ. ನೀವು ಯೇಳಿದ್ದು ಕೇಳಿಸ್ತು. ಅಂಗೇ ಯೇಳಿ.”

ಅಪ್ಪ ಟವೆಲಿನಿಂದ ಕಣ್ಣು ಒರೆಸಿಕೊಂಡ. ಆಮೇಲೆ ಬಗ್ಗಿ ಆ ಚೀಲವನ್ನು ಎತ್ತಿ ನಮ್ಮವರ ಕೈಗೆ ಕೊಟ್ಟ.

“ಇದ ತಕ್ಕಳ್ಲಾ,” ಅಂದ.