ಸುದ್ದಿಹೊಲ

"ಲೇ ಬೋಳಿಮಗನೆ, ಅದು ಬೇರಲ್ಲ ಕಣ್ಲಾ, ವೈರು!"

ಅಷ್ಟರಲ್ಲಾಗಲೇ ಹುಚ್ಚಯ್ಯನ ಗುದ್ದಲಿ ಬಿದ್ದಾಗಿತ್ತು. ಮಣ್ಣಿನೊಳಗೆ ಕರ್ರಗೆ ಮಲಗಿದ್ದದ್ದನ್ನು ಹುಣಿಸೆಯ ಬೇರು ಅಂದುಕೊಂಡು ಒಂದೇ ಏಟಿಗೆ ಎರಡು ತುಂಡು ಮಾಡಿದ್ದ. ಒಳಗಿಂದ ಕೆಂಪು, ಹಸಿರು, ಹಳದಿ ಎಳೆಗಳು ಕಾಣಿಸಿಕೊಂಡಾಗಲೇ ತಾನು ಮಾಡಿದ್ದೇನೆಂದು ಅವನಿಗೆ ಗೊತ್ತಾಯಿತು. ಪಟೇಲ್ ಚಲುವರಾಜು ಕಾಲುವೆಯ ಅಂಚಿಗೆ ಬಂದು, ಪಂಚೆ ಎತ್ತಿ ಕಟ್ಟಿ, ಬಗ್ಗಿ ಕೆನ್ನೆಗೆ ಬಾರಿಸಿದ.

"ನನ್ ಮನೆ ಫೋನ್ ಕಡ್ದಾಕ್ದಲ್ಲೋ ಬೇವರ್ಸಿ! ಇನ್ನು ಲೈನ್‌ಮನ್ನು ಬರೋವತ್ಗೆ ಅಮಾಸೆ ಆಯ್ತದೆ."

"ತಪ್ಪಾಯ್ತು ಬುದ್ದಿ. ಬೇರು ಅನ್ಕಂಡೆ."

"ಬೇರಂತೆ ಬೇರು. ನಿನ್ ತಲೇಲಿ ಇರೋದೂ ಅದೇಯ."

ಮೈಸೂರಿನಿಂದ ಬಂದಿದ್ದ ಕಂಪನಿಯ ಕಿರಣ್ ಕುಮಾರ್ ಕರಿ ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದ. ದಿಬ್ಬದ ಮೇಲೆ ಟವರ್ ಎದ್ದು ಆಗಲೇ ಹದಿನೈದು ದಿನವಾಗಿತ್ತು. ಇನ್ನು ಕರೆಂಟು ಎಳೆದು ಶುರು ಮಾಡುವುದೊಂದೇ ಬಾಕಿ. ಆ ಕರೆಂಟಿನ ಕಾಲುವೆಯನ್ನೇ ಹುಚ್ಚಯ್ಯ ಅಗೆಯುತ್ತಿದ್ದದ್ದು.

"ಬಿಡಿ ಸರ್, ಲ್ಯಾಂಡ್‌ಲೈನ್ ಇನ್ಯಾರಿಗೆ ಬೇಕು?" ಎಂದು ಕಿರಣ್ ಕುಮಾರ್ ನಕ್ಕ. "ಸಿಟಿಗಳೆಲ್ಲ ತುಂಬೋಯ್ತು. ಇನ್ನು ಮಾರ್ಕೆಟ್ ಬೆಳೆಯೋದು ಅಂದ್ರೆ ಹಳ್ಳೀಲೇ. ಫಾರಿನ್ನೋರು ದುಡ್ಡು ತಂದು ಸುರೀತಿದಾರೆ. ಎರಡೇ ವರ್ಷ, ಕುರಿ ಕಾಯೋನ ಜೇಬಲ್ಲೂ ಮೊಬೈಲ್ ಇರುತ್ತೆ ನೋಡ್ತಿರಿ. ಈಗ ಯಾರ ಜಾಗದಲ್ಲಿ ಟವರ್ ನಿಲ್ಲುತ್ತೋ ಅವರೇ ರಾಜರು. ಜಾಗ ಪೂರ್ತಿ ನಿಮ್ಮದೇ ತಾನೆ? ಮುಂದೆ ತಕರಾರು ಬರಬಾರ್ದು."

"ನಮ್ದೇ. ನಮ್ ತಾತನ್ ಕಾಲದ್ದು. ಸುತ್ತ ಬೇಲಿ ಆಕಿಸ್ಬುಡಿ."

ಹುಚ್ಚಯ್ಯನಿಗೆ ಕೆನ್ನೆಯ ಉರಿ ಮರೆತೇಹೋಯಿತು.

ಆ ದಿಬ್ಬಕ್ಕೆ ಊರಲ್ಲಿ ಸುದ್ದಿಹೊಲ ಅಂತಲೇ ಹೆಸರು. ಇಪ್ಪತ್ತು ಗುಂಟೆ. ಹುಚ್ಚಯ್ಯನ ಮನೆತನದವರು ಊರಿನ ಕುಳವಾಡಿಗಳು. ಪಟೇಲರ ಮನೆಯಲ್ಲಿ ಯಾರಾದರೂ ಸತ್ತರೆ ನೆಂಟರ ಊರುಗಳಿಗೆಲ್ಲ ನಡೆದುಕೊಂಡು ಹೋಗಿ ಸುದ್ದಿ ಮುಟ್ಟಿಸಬೇಕಾದವರು ಅವರೇ. ಮಳೆಯಿರಲಿ, ಜ್ವರವಿರಲಿ, ಕೊಪ್ಪಕ್ಕೆ ಹೋಗಬೇಕು, ಸಾಲಿಗ್ರಾಮಕ್ಕೆ ಹೋಗಬೇಕು, ಆನೆ ಅಡ್ಡ ಬಂದರೂ ಕಾಕನಕೋಟೆ ದಾರಿ ಹಿಡಿದು ಅಂತರಸಂತೆಗೆ ಹೋಗಬೇಕು. ಆ ಕಾಲಿನ ಚಾಕರಿಗೆಂದು ಕೊಟ್ಟ ಹೊಲ ಅದು. ಹುಚ್ಚಯ್ಯನ ಅಪ್ಪನ ಹೆಸರಿಗೆ ಸರ್ಕಾರವೇ ಪಹಣಿ ಮಾಡಿಕೊಟ್ಟು ಎಷ್ಟೋ ಕಾಲವಾಗಿತ್ತು. ಊರಾಚೆಯ ಕೇರಿಯಲ್ಲಿ ಸ್ವಂತದ್ದೆಂದು ರಾಗಿ ಬೆಳೆಯುತ್ತಿದ್ದದ್ದು ಅವನ ಮನೆಯವರೊಬ್ಬರೇ.

ಅನುಮಾನ ಅವನಿಗೆ ಹೊಸದಲ್ಲ. ಹೋದ ತಿಂಗಳು ಪಟೇಲ ಮನೆ ಮುಂದೆ ಬಂದು, 'ಲೇ' ಅನ್ನದೆ 'ಹುಚ್ಚಯ್ಯಾ' ಎಂದು ಪೂರ್ತಿ ಹೆಸರು ಹಿಡಿದು ಕರೆದಾಗಲೇ ಅದು ಶುರುವಾಗಿತ್ತು. ಅಷ್ಟು ಸಾಲದೆಂದು ಮೋಟರ್‌ಬೈಕಿನ ಹಿಂದೆ ಕೂರಿಸಿಕೊಂಡ. ಅಯ್ಯೋ ಶಿವನೆ, ಪಟೇಲರ ಬೆನ್ನಿಗೆ ಕುಳವಾಡಿಯ ಎದೆ! ಹುಣಸೂರಿನ ತನಕವೂ ಹುಚ್ಚಯ್ಯ ಉಸಿರು ಬಿಗಿ ಹಿಡಿದೇ ಕೂತಿದ್ದ. ಹೋಟೆಲಿನಲ್ಲಿ ಒಳಗೆ ಕೂರಿಸಿ ಕಾಫಿ ಕೊಡಿಸಿದ. ವಯಸ್ಸಾದವರಿಗೆ ಬರುವ ಸಂಬಳದ ಕಾಗದ ಎಂದು ಹೇಳಿ ಎರಡು ಕಡೆ ಹೆಬ್ಬೆಟ್ಟು ಒತ್ತಿಸಿಕೊಂಡ. ಟವರಿನ ಮಾತೆತ್ತಿದಾಗ, "ಮೂಲೇಲೊಂದು ಕಂಬ ನೆಡ್ತಾರೆ ಅಷ್ಟೇಯ, ಒಲ ನಿಂದೇ" ಅಂದಿದ್ದ.

ಈಗ ಅವನು ಗುದ್ದಲಿ ಬಿಟ್ಟು ಕಾಲುವೆಯೊಳಗಿಂದಲೇ ಕೇಳಿದ. "ಬುದ್ದಿ, ಇದು ಸುದ್ದಿ ಒಲ ಅಲ್ವರಾ? ನಮ್ಮಪ್ಪನ್ ಎಸ್ರಲ್ಲಿ..."

"ಸುದ್ದಿಗೆ ಕೊಟ್ಟಿದ್ದು ಕಣ್ಲಾ, ನಿನ್ ಮೊಕ ನೋಡಿ ಕೊಟ್ಟಿದ್ದಲ್ಲ. ಇನ್ಮ್ಯಾಕೆ ಸುದ್ದಿ ಗಾಳೀಲಿ ಓಯ್ತದೆ. ನಿನ್ ಕಾಲ್ಗೇನು ಕೆಲ್ಸ? ಚಾಕ್ರಿ ಮುಗೀತು, ಒಲಾನೂ ಮುಗೀತು. ನೀನೇ ಹೆಬ್ಬೆಟ್ ಒತ್ತಿದ್ದೀಯ. ಅಗಿ ಸುಮ್ಕೆ."

ಕಿರಣ್ ಕುಮಾರ್ ಮುಖ ಆಚೆ ತಿರುಗಿಸಿ ಟವರಿನ ತುದಿ ನೋಡತೊಡಗಿದ. ಹುಚ್ಚಯ್ಯ ಅಗೆದ. ಅವತ್ತಿನ ಕೂಲಿಗೆ ಅವತ್ತಿನ ಕೆಲಸ ಮುಗಿಸಲೇಬೇಕಲ್ಲ.

ಸಂಜೆ ಮನೆಯಲ್ಲಿ ಹೆಂಡತಿ ಸೋಮಮ್ಮ ಅವನ ಮಾತು ಕೇಳಿದವಳೇ ಒಲೆಯ ಮುಂದಿನಿಂದ ಎದ್ದಳು. "ಕಾಪಿ ಕುಡಿಸ್ದ ಅಂದಾಗ್ಲೇ ನಂಗೆ ಅನ್ನುಸ್ತು. ಅವ್ನು ನಾಯಿಗೂ ಅನ್ನ ಆಕೋನಲ್ಲ, ನಿಂಗೆ ಕಾಪಿ ಕುಡಿಸ್ತಾನಾ? ನಡಿ, ಕಚೇರೀಲಿ ಕೇಳವ."

ಬುಧವಾರ ಇಬ್ಬರೂ ತಾಲ್ಲೂಕು ಕಚೇರಿಗೆ ಹೋಗಿ, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಟೇಬಲಿನ ಮುಂದೆ ನಿಂತರು. ಗುಮಾಸ್ತ ಎಲೆಯಡಿಕೆ ಜಗಿಯುತ್ತ ಕಾಗದ ಹುಡುಕಿ ತೆಗೆದ.

"ಚಾಕರಿ ನಿಂತಿದೆ, ಭೂಮಿ ಬಿಟ್ಟುಕೊಟ್ಟಿದ್ದೀನಿ ಅಂತ ನೀನೇ ಒಪ್ಪಿದ್ದೀಯಲ್ಲಯ್ಯ."

"ನಂಗೆ ಓದಕ್ ಬರಕಿಲ್ಲ ಸ್ವಾಮಿ. ಸಂಬಳದ ಕಾಗ್ದ ಅಂದ್ರು. ಚಾಕ್ರಿ ಎಲ್ಲಿ ನಿಂತದೆ? ಓದ್ ವರ್ಸ ಪಟೇಲ್ರ ಅವ್ವ ತೀರ್ಕಂಡಾಗ ನಾನೇ ನಡ್ದಿದ್ದು."

"ಅದಕ್ಕೆ ಸಾಕ್ಷಿ ಯಾರು? ನೀನು ಹೇಳಿದ ಸುದ್ದಿ ಕೇಳಿ ಬರ್ತೀವಿ ಅಂತ ಪಟೇಲರ ನೆಂಟರು ಬಂದು ಹೇಳ್ತಾರೇನು?" ಗುಮಾಸ್ತ ತನ್ನ ಮಾತಿಗೆ ತಾನೇ ನಕ್ಕ. "ಫೋನ್ ಬರೋದು ಬೇಡ್ವಾ ನಿಮ್ಮೂರಿಗೆ? ದೇಶ ಮುಂದೆ ಹೋಗ್ತಿದೆ ಕಣಯ್ಯ. ನೀವು ಇಪ್ಪತ್ತು ಗುಂಟೆ ಹಿಡ್ಕೊಂಡು ಎಳೀಬೇಡಿ. ಏಯ್ ಏಯ್, ಟೇಬಲ್ ಮುಟ್ಬೇಡ."

ಬಸ್ಸಿನಲ್ಲಿ ವಾಪಸು ಬರುವಾಗ ಸೋಮಮ್ಮ ಗುಮಾಸ್ತನ ವಂಶವನ್ನೆಲ್ಲ ಎಳೆದು ಬೈದಳು. 'ನೆಂಟರು ಬಂದು ಹೇಳ್ತಾರೇನು' ಅನ್ನುವುದನ್ನೇ ಹುಚ್ಚಯ್ಯ ಮನಸ್ಸಿನಲ್ಲಿ ಮಗುಚಿ ಹಾಕುತ್ತಿದ್ದ. ಇಳಿಯುವ ಹೊತ್ತಿಗೆ ಅವನಿಗೊಂದು ದಾರಿ ಹೊಳೆದಿತ್ತು, ಸುಳ್ಳಿನ ದಾರಿ. ತಾತನಾಗಲಿ ಅಪ್ಪನಾಗಲಿ ಅವನಾಗಲಿ ಇದುವರೆಗೆ ಒಂದು ಸುಳ್ಳು ಸುದ್ದಿ ಮುಟ್ಟಿಸಿದವರಲ್ಲ. ಜಗಲಿ ಹತ್ತಲು ಬಿಡದ ಮನೆಗಳವರೂ ಅವನ ಮಾತನ್ನು ಮಾತ್ರ ಎರಡನೇ ಸಲ ಕೇಳಿದ್ದಿಲ್ಲ. ಆ ಮನೆತನಕ್ಕೆ ಅಂತ ಇದ್ದದ್ದು ಎರಡೇ, ಆ ಮಾತು ಮತ್ತು ಈ ಹೊಲ. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಕಳೆದುಕೊಳ್ಳಬೇಕು. ಎರಡು ದಿನ ಅವನಿಗೆ ಅನ್ನ ಸೇರಲಿಲ್ಲ.

ಶುಕ್ರವಾರ ನಾಲ್ಕು ಗಂಟೆಗೆ ಟವರಿನ ಉದ್ಘಾಟನೆ. ಅವತ್ತು ಬೆಳಗಿನ ಮೊದಲ ಬಸ್ಸಿಗೆ ಹುಚ್ಚಯ್ಯ ಕಂಬಳಿ ತೆಗೆದುಕೊಂಡು ಹೊರಟ. ಆ ಸೀಮೆಯಲ್ಲಿ ಕುಳವಾಡಿಯ ಕಂಬಳಿ ಬಲಹೆಗಲಲ್ಲಿದ್ದರೆ ಸುಮ್ಮನೆ ಬಂದಿದ್ದಾನೆ ಎಂದರ್ಥ. ಎಡಹೆಗಲಿಗೆ ಬಂತೆಂದರೆ ಸಾವು. ಕೊಪ್ಪದಲ್ಲಿ ಬಸ್ಸಿಳಿದು, ಪಟೇಲನ ಅಕ್ಕ ಪುಟ್ಟಮಲ್ಲಮ್ಮನ ಮನೆಯ ಬೇಲಿಯ ಹತ್ತಿರಕ್ಕೆ ಬಂದ. ಅಪ್ಪನನ್ನು ನೆನೆದು "ತಪ್ಪಾಯ್ತು ಕಣಪ್ಪೋ" ಎಂದು ಬಾಯಿಬಿಟ್ಟೇ ಹೇಳಿಕೊಂಡ. ಆಮೇಲೆ ಕಂಬಳಿಯನ್ನು ಎಡಹೆಗಲಿಗೆ ಹಾಕಿಕೊಂಡು ಅಂಗಳದಾಚೆ ನಿಂತ.

ಸಗಣಿ ಸಾರಿಸುತ್ತಿದ್ದ ಪುಟ್ಟಮಲ್ಲಮ್ಮ ತಲೆಯೆತ್ತಿ ಮೊದಲು ನೋಡಿದ್ದು ಅವನ ಹೆಗಲನ್ನು. "ಯಾರ್ಲಾ?" ಅಂದಳು.

"ಪಟೇಲ್ರು ಅವ್ವಾ. ವತ್ತಾರೆ ತೀರ್ಕಂಡ್ರು. ನಾಕು ಗಂಟ್ಗೆ ಮಣ್ಣು."

ಅವಳು ಅಲ್ಲೇ ಸಗಣಿಯ ಮೇಲೆ ಕುಸಿದಳು. ಅವಳ ಗಂಡ ಓಡಿಹೋಗಿ ಫೋನೆತ್ತಿ ನಂಬರು ಒತ್ತಿದ, ಮತ್ತೆ ಒತ್ತಿದ. ಆ ಕಡೆ ರಿಂಗೇ ಆಗುತ್ತಿರಲಿಲ್ಲ. "ಫೋನೂ ಸತ್ತದೆ" ಎಂದು ಇಟ್ಟುಬಿಟ್ಟು ಟೆಂಪೋ ಗೊತ್ತುಮಾಡಲು ಓಡಿದ. ನಿಜವೋ ಸುಳ್ಳೋ ಎಂದು ಒಬ್ಬರೂ ಕೇಳಲಿಲ್ಲ. ಬೈದು ಕಳಿಸಿದ್ದರೂ ಹುಚ್ಚಯ್ಯನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಸಾಲಿಗ್ರಾಮದಲ್ಲಿ ಪಟೇಲನ ಅತ್ತೆ ದೊಡ್ಡತಾಯಮ್ಮ ಎದೆ ಬಡಿದುಕೊಂಡು ಅತ್ತಳು. ಅಳುತ್ತಲೇ, ವಾಡಿಕೆಯಂತೆ ಒಂದು ಮೊರ ರಾಗಿ ತರಿಸಿ ದೂರದಿಂದ ಅವನ ಟವೆಲಿಗೆ ಸುರಿಸಿದಳು. ಅವನು ರಾಗಿ ಗಂಟು ಕಟ್ಟಿಕೊಂಡು ಹಿಂದಿರುಗಿ ನೋಡದೆ ಬಸ್‌ಸ್ಟಾಂಡಿಗೆ ನಡೆದ.

ದಿಬ್ಬದ ಮೇಲೆ ಶಾಮಿಯಾನ ಹಾಕಿದ್ದರು. ಟವರಿನ ಕಾಲಿಗೆ ಕೆಂಪು ರಿಬ್ಬನ್ನು. ಬೆಂಗಳೂರಿಂದ ಬಂದ ಇಬ್ಬರು ಟೈ ಕಟ್ಟಿದವರು ಕುರ್ಚಿಯಲ್ಲಿ ಕೂತು ಎಳನೀರು ಹೀರುತ್ತಿದ್ದರು. ಕಿರಣ್ ಕುಮಾರ್ ಮೈಕು ಹಿಡಿದು, ಈ ತಾಲ್ಲೂಕಿನಲ್ಲೇ ಎಷ್ಟು ಸಾವಿರ ಗಿರಾಕಿಗಳು ಕಾದಿದ್ದಾರೆ, ಈಗ ಬಂಡವಾಳ ಹಾಕಿದವರು ಹೇಗೆ ಬೆಳೆಯುತ್ತಾರೆ ಎಂದು ಹೇಳುತ್ತಿದ್ದ. ಚಲುವರಾಜು ಬಿಳಿ ಷರ್ಟು ತೊಟ್ಟು ಕತ್ತರಿ ಹಿಡಿದು ನಿಂತಿದ್ದ. ಕೇರಿಯವರೆಲ್ಲ ಹೊಸ ಬೇಲಿಯ ಆಚೆ. ಹುಚ್ಚಯ್ಯ ರಾಗಿಗಂಟನ್ನು ಹೆಂಡತಿಗೆ ಕೊಟ್ಟು, ಬೇಲಿಯ ಕಂಬಕ್ಕೆ ಒರಗಿದ. ಅವನ ಕಣ್ಣೆಲ್ಲ ರಸ್ತೆಯ ಮೇಲಿತ್ತು.

ಮೊದಲು ಕೇಳಿಸಿದ್ದು ಗೋಳು. ಆಮೇಲೆ ಎರಡು ಟೆಂಪೋ, ಒಂದು ಟ್ರಾಕ್ಟರು. ಅರವತ್ತು ಜನ ಇಳಿದರು, ಕೈಯಲ್ಲಿ ಹೂವಿನ ಹಾರ, ಊದುಬತ್ತಿ, ಹೊಸ ಬಿಳಿ ಬಟ್ಟೆ. ಶಾಮಿಯಾನ ಕಂಡು ಹೆಣ ಅಲ್ಲೇ ಇಟ್ಟಿದ್ದಾರೆಂದು ಎಲ್ಲರೂ ದಿಬ್ಬಕ್ಕೇ ನುಗ್ಗಿದರು. ಮುಂದೆ ಓಡಿ ಬಂದ ದೊಡ್ಡತಾಯಮ್ಮ ಕತ್ತರಿ ಹಿಡಿದು ನಿಂತಿದ್ದ ಅಳಿಯನನ್ನು ಕಂಡು "ಅಯ್ಯಯ್ಯಪ್ಪೋ!" ಎಂದು ಕಿರುಚಿ ಹಿಂದಕ್ಕೆ ಬಿದ್ದಳು. ಪುಟ್ಟಮಲ್ಲಮ್ಮ ತಮ್ಮನ ಕೆನ್ನೆ, ಭುಜ, ಹೊಟ್ಟೆ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು.

"ನಾನ್ ಸತ್ತೆ ಅಂತ ಯಾವ ಸೂಳೆಮಗ ಏಳಿದ್ದು?"

"ಇನ್ಯಾರು, ನಿಮ್ ಕುಳವಾಡಿ ಉಚ್ಚಯ್ಯ. ಅವ್ನು ಬಂದು ನಿಂತ್ಮೇಲೆ ಬ್ಯಾರೆ ಕೇಳೋದೇನೈತಪ್ಪ? ಇದುವರ್ಗೂ ಅವ್ನು ಏಳಿದ್ದಕ್ಕೇ ಅಲ್ವಾ ನಾವು ಬತ್ತಿದ್ದದ್ದು?" ಎಂದ ಪುಟ್ಟಮಲ್ಲಮ್ಮನ ಗಂಡ.

ಹುಚ್ಚಯ್ಯ ಬೇಲಿಯ ತಂತಿ ಎತ್ತಿ ಒಳಗೆ ಬಂದ. ಪಟೇಲನ ಕಡೆ ನೋಡದೆ ನೇರ ಟೈ ಕಟ್ಟಿದವರ ಮುಂದೆ ನಿಂತ.

"ಸ್ವಾಮಿ, ಕೇಳುಸ್ಕಂಡ್ರಲ್ಲ? ಚಾಕ್ರಿ ನಿಂತಿಲ್ಲ. ಅರವತ್ ಜನ ಸಾಕ್ಸಿ ಅವ್ರೆ. ಈ ಒಲ ನಮ್ಮಪ್ಪಂದು. ಕಾಪಿ ಕುಡ್ಸಿ ಹೆಬ್ಬೆಟ್ ಒತ್ತಿಸ್ಕಂಡವ್ರೆ. ಸುಳ್ ಸುದ್ದಿ ಏಳಿದ್ದು ನನ್ ತಪ್ಪೇಯ, ಅದ್ಕೆ ನಾನು ಸಾಯೋಗಂಟ ಉರೀತೀನಿ. ನಿಮ್ ಕಂಬ ಕಿತ್ಕಳಿ."

ಟೈ ಕಟ್ಟಿದವರಲ್ಲಿ ಒಬ್ಬ ಎಳನೀರು ಕೆಳಗಿಟ್ಟು ಕಿರಣ್ ಕುಮಾರನ ಕಡೆ ತಿರುಗಿದ. "ಜಾಗ ಕ್ಲಿಯರ್ ಇದೆ ಅಂದಿದ್ರಿ?" ಕಿರಣ್ ಕುಮಾರ್ ಯಾರಿಗೋ ಹೇಳಲು ಮೊಬೈಲ್ ತೆಗೆದ. ಸಿಗ್ನಲ್ ಇರಲಿಲ್ಲ. ಅವನು ಅದನ್ನು ಮೇಲಕ್ಕೆತ್ತಿ ಹಿಡಿದುಕೊಂಡು ಟವರಿನ ಕೆಳಗೇ ಆ ಕಡೆ ಈ ಕಡೆ ಓಡಾಡಿದ.

ಚಲುವರಾಜು ಕತ್ತರಿ ಎಸೆದು ಕಾಲಿನ ಎಕ್ಕಡ ತೆಗೆದ. "ಇಡ್ಕಳ್ರೋ ಅವನ್ನ. ಇವತ್ತು ಈ ನನ್ಮಗನ್ನ ಇಲ್ಲೇ ಊತಾಕ್ತೀನಿ. ಗುಂಡಿ ಅವನೇ ತೋಡವ್ನೆ."

ನಾಲ್ಕು ಆಳುಗಳು ಬಂದು ಹುಚ್ಚಯ್ಯನ ರಟ್ಟೆ ಹಿಡಿದರು. ಅವನ ಹೆಗಲಿಂದ ಕಂಬಳಿ ಜಾರಿ ಕಾಲುವೆಯ ಮಣ್ಣಿಗೆ ಬಿತ್ತು. ಆಗ ಸೋಮಮ್ಮ ಬೇಲಿ ದಾಟಿದಳು. ಕಂಬಳಿ ಎತ್ತಿ, ಮಣ್ಣು ಕೊಡವಿ, ತನ್ನ ಎಡಹೆಗಲಿಗೆ ಹಾಕಿಕೊಂಡಳು. ಹೆಂಗಸೊಬ್ಬಳು ಆ ಕಂಬಳಿ ಹೊದ್ದದ್ದನ್ನು ಅಲ್ಲಿದ್ದವರು ಯಾರೂ ಕಂಡಿರಲಿಲ್ಲ. ದೊಡ್ಡತಾಯಮ್ಮನ ಅಳು ನಿಂತಿತು.

"ಒಡೀರಿ ಬುದ್ದಿ" ಅಂದಳು ಸೋಮಮ್ಮ. "ಮೂರ್ ತಾಲ್ಲೂಕಿನ್ ದಾರೀನೂ ನಂಗೊತ್ತು. ಯಾರು ಕೊಂದ್ರು ಅಂತ ಮನೆಮನೇಗೂ ಏಳಿ ಬತ್ತೀನಿ. ಈ ಸಲದ ಸುದ್ದಿ ಸುಳ್ಳಾಗಕಿಲ್ಲ."

ಪಟೇಲನ ಎಕ್ಕಡದ ಕೈ ಮೇಲೆ ಎತ್ತಿದ್ದು ಎತ್ತಿದಂತೆಯೇ ಇತ್ತು. ಬೇಲಿಯ ಆಚೆಯಿಂದ ಕೇರಿಯವರು ಒಬ್ಬೊಬ್ಬರಾಗಿ ತಂತಿ ಎತ್ತಿಕೊಂಡು ಒಳಗೆ ಬರತೊಡಗಿದರು.